ಕೇಬಲ್ ರಾಯರು

ಬೆಂಗಳೂರಿನ ಯಾವ ಸೈಕಲ್ ಗುಂಪಿಗೆ ಬೇಕಾದರೂ ಹೋಗಿ ನೋಡಿ, ಕೆಲವು ಪಾತ್ರಗಳು ಖಾಯಂ. ಎಲ್ಲರಿಗಿಂತ ಮೊದಲು ನಂದಿ ಬೆಟ್ಟದ ತುದಿ ಮುಟ್ಟಿ, ಏದುಸಿರು ಬಿಡುತ್ತ ಬಂದವರನ್ನು ‘ಯಾಕ್ ಲೇಟು?’ ಎಂದು ಕೇಳುವವನೊಬ್ಬ. ಸೈಕಲ್ಲಿಗಿಂತ ಸೈಕಲ್ಲಿನ ಫೋಟೋವನ್ನೇ ಹೆಚ್ಚು ಓಡಿಸುವವನೊಬ್ಬ. ಸವಾರಿ ನೆಪಕ್ಕೆ, ದೇವನಹಳ್ಳಿಯ ಇಡ್ಲಿ-ವಡೆ ಜಪಕ್ಕೆ ಎನ್ನುವವರು ನಾಲ್ಕು ಜನ. ಇವರ ನಡುವೆ ನಿಮ್ಮ ಮುಖ ಬಿಟ್ಟು ನಿಮ್ಮ ಹ್ಯಾಂಡಲ್ಲನ್ನೇ ನೋಡುತ್ತ ಮಾತಾಡುವ ಹಿರಿಯರೊಬ್ಬರು ಕಂಡರೆ ಅವರು ಕೇಬಲ್ ರಾಯರು. ಗುಂಪು ಬೇರೆಯಾದರೆ ಅವರು ಕೇಬಲ್ ಗೌಡರೋ ಕೇಬಲ್ ಶೆಟ್ಟರೋ ಆಗಿರಬಹುದು. ಕೇಬಲ್ ಮಾತ್ರ ಬದಲಾಗುವುದಿಲ್ಲ. ಅಲ್ಲ, ತಪ್ಪು ಹೇಳಿದೆ. ಅವರ ಹತ್ತಿರ ಪದೇ ಪದೇ ಬದಲಾಗುವುದು ಅದೊಂದೇ.

ಟೀವಿಯ ಕೇಬಲ್ಲಿಗೂ ಇವರಿಗೂ ಸಂಬಂಧವಿಲ್ಲ. ಇವರದು ಗೇರ್ ಕೇಬಲ್, ಸೈಕಲ್ ಶಾಪಿನವರ ಬಾಯಲ್ಲಿ ಗೇರ್ ವೈರು. ಬ್ರೇಕ್ ವೈರಿನ ಬಗ್ಗೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ ಎಂದು ಯಾರೋ ಕೇಳಿದ್ದಕ್ಕೆ ರಾಯರು ಹೇಳಿದ್ದು ಇದು: “ಬ್ರೇಕ್ ವೈರು ಅಂದ್ರೆ ಎಲ್ಲರಿಗೂ ಜೀವಭಯ ಇದೆ. ಅದನ್ನ ನೋಡ್ಕೊಳ್ಳೋಕೆ ನಾನು ಬೇಕಾಗಿಲ್ಲ. ಗೇರ್ ವೈರಿಗೆ ಯಾರಿದ್ದಾರೆ?”

ಹೊಸಬರು ಗುಂಪಿಗೆ ಬಂದ ದಿನ ರಾಯರ ಮೊದಲ ಪ್ರಶ್ನೆ ಹೆಸರಲ್ಲ, ಊರಲ್ಲ. “ಎಷ್ಟಾಯ್ತು?”

ಹುಡುಗ ಸೈಕಲ್ಲಿನ ಬೆಲೆ ಕೇಳುತ್ತಿದ್ದಾರೆ ಎಂದುಕೊಂಡು ಸ್ವಲ್ಪ ಸಂಕೋಚದಿಂದ, ಸ್ವಲ್ಪ ಹೆಮ್ಮೆಯಿಂದ ಲಕ್ಷದ ಲೆಕ್ಕ ಹೇಳುತ್ತಾನೆ.

“ಅದಲ್ಲಪ್ಪ. ಕೇಬಲ್ ಹಾಕಿ ಎಷ್ಟು ಕಿಲೋಮೀಟರ್ ಆಯ್ತು?”

“ಕೇಬಲ್ಲಾ? ಗೊತ್ತಿಲ್ಲ ಅಂಕಲ್. ಸೈಕಲ್ ತಗೊಂಡಾಗಿಂದ ಅದೇ ಇದೆ. ಚೆನ್ನಾಗೇ ಇದೆಯಲ್ಲ.”

ಆಗ ರಾಯರು ಕಣ್ಣು ಮುಚ್ಚಿ ಲೊಚಗುಟ್ಟುತ್ತಾರೆ. ಸಾವಿನ ಮನೆಯಲ್ಲಿ ಮಾತ್ರ ಕೇಳಿಬರುವ ಲೊಚಗುಟ್ಟುವಿಕೆ ಅದು. ಹುಡುಗ ಗಾಬರಿಯಿಂದ ತನ್ನ ಸೈಕಲ್ಲನ್ನು ಮೇಲಿಂದ ಕೆಳಗೆ ನೋಡುತ್ತಾನೆ. ಗುಂಪಿನ ಹಳಬರು ಮೆಲ್ಲನೆ ಪೆಡಲ್ ತುಳಿದು ಮುಂದೆ ಹೋಗುತ್ತಾರೆ. ಮುಂದಿನ ಇಪ್ಪತ್ತು ಕಿಲೋಮೀಟರು ರಾಯರ ಪಕ್ಕದಲ್ಲಿ ಹೋಗುವ ಸರದಿ ಹೊಸಬನದು ಎಂದು ಅವರಿಗೆ ಗೊತ್ತು.

ರಾಯರು ಮೊದಲಿಂದ ಸೈಕಲ್ಲಿನವರಲ್ಲ. ಸರ್ವೀಸೆಲ್ಲ ವಿಮಾನ ಕಾರ್ಖಾನೆಯ ಓವರ್‌ಹಾಲ್ ವಿಭಾಗದಲ್ಲಿ. ರಿಟೈರ್ ಆದ ಮೇಲೆ ಸಕ್ಕರೆ ಕಾಯಿಲೆ ಬಂತು, ಡಾಕ್ಟರು ನಡೆಯಿರಿ ಅಂದರು, ಮಂಡಿ ಬೇಡ ಅಂತು, ಮಗ ಅಮೆರಿಕದಿಂದ ಬಂದವನು ಸೈಕಲ್ ಕೊಡಿಸಿ ಹೋದ. ಇಲ್ಲಿಯವರೆಗೆ ಇದು ಜಯನಗರ, ಬನಶಂಕರಿಯ ಅರ್ಧ ಜನರ ಕಥೆ. ವಿಮಾನದಲ್ಲಿ ಮಾತ್ರ ಒಂದು ಪದ್ಧತಿಯಿದೆ: ಯಾವ ಭಾಗವೂ ಕೆಡುವ ತನಕ ಕಾಯುವ ಹಾಗಿಲ್ಲ. ಇಂತಿಷ್ಟು ಗಂಟೆ ಹಾರಿದರೆ ಚೆನ್ನಾಗಿದ್ದರೂ ಬಿಚ್ಚು, ಚೆನ್ನಾಗಿದ್ದರೂ ಬದಲಾಯಿಸು. ಸಣ್ಣ ವಿಮಾನದ ಚುಕ್ಕಾಣಿಯನ್ನು ಎಳೆಯುವುದೂ ಉಕ್ಕಿನ ಎಳೆಗಳನ್ನು ಹೊಸೆದ ಕೇಬಲ್ಲೇ. ಅದನ್ನು ತಪಾಸಣೆ ಮಾಡುವಾಗ ಒಂದು ಬಟ್ಟೆ ತುಂಡನ್ನು ಅದರ ಸುತ್ತ ಹಿಡಿದು ಉದ್ದಕ್ಕೂ ಎಳೆಯುತ್ತಾರೆ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಒಂದು ಎಳೆ ಹರಿದಿದೆ ಎಂದು ಲೆಕ್ಕ. ಬರಿಗೈಯಲ್ಲಿ ಮಾಡಿದರೆ ಬೆರಳಿಗೆ ಸೂಜಿ ಚುಚ್ಚಿದಂತಾಗುತ್ತದೆ. ಜೀವಮಾನವೆಲ್ಲ ಹೀಗೆ ಬಟ್ಟೆ ಎಳೆದ ಮನುಷ್ಯ ಸೈಕಲ್ಲಿನ ಮುಂದೆ ಕೂತು, ಹಳೇ ಪಂಚೆಯ ತುಂಡು ಹಿಡಿದು, ಗೇರ್ ಕೇಬಲ್ ಒರೆಸಲು ಹೊರಟಾಗ ಒಂದು ಸತ್ಯ ಗೊತ್ತಾಯಿತು. ಸೈಕಲ್ಲಿನ ಕೇಬಲ್ಲು ಹರಿಯುವ ಜಾಗಕ್ಕೆ ಬಟ್ಟೆ ಹೋಗುವುದೇ ಇಲ್ಲ! ಅಂದಿನಿಂದ ರಾಯರಿಗೆ ನಿದ್ದೆ ಕಡಿಮೆ.

ಆ ಜಾಗ ಇರುವುದು ಹಿಡಿಕೆಯ, ಅಂದರೆ ಶಿಫ್ಟರಿನ, ಒಳಗೆ. ರೋಡ್ ಸೈಕಲ್ಲಿನಲ್ಲಿ ಗೇರ್ ಬದಲಾಯಿಸುವ ಸನ್ನೆ ಮೊದಲು ಕೆಳಗಿನ ಕೊಳವೆಯ ಮೇಲೆ ಇರುತ್ತಿತ್ತು. 1990ರಲ್ಲಿ ಶಿಮಾನೊ ಕಂಪನಿ ಬ್ರೇಕು, ಗೇರು ಎರಡನ್ನೂ ಒಂದೇ ಹಿಡಿಕೆಯಲ್ಲಿ ಕೂಡಿಸಿತು. ಕೈ ಹ್ಯಾಂಡಲ್ ಬಿಡದೆ ಗೇರ್ ಹಾಕುವ ಸುಖ ಬಂತು, ಸುಖದ ಹಿಂದೆ ಕಷ್ಟವೂ ಬಂತು. ಕೇಬಲ್ಲಿನ ತುದಿಯಲ್ಲಿ ಒಂದು ಪುಟ್ಟ ಸೀಸದ ಬಣ್ಣದ ತಲೆ. ಆ ತಲೆ ಹಿಡಿಕೆಯೊಳಗಿನ ಒಂದು ಸಣ್ಣ ರಾಟೆಗೆ ಸಿಕ್ಕಿಕೊಂಡಿರುತ್ತದೆ. ನೀವು ಒಂದು ಗೇರು ಹಾಕಿದರೆ ರಾಟೆ ಒಂದು ಹಲ್ಲು ತಿರುಗುತ್ತದೆ, ಕೇಬಲ್ಲು ಅದರ ಸುತ್ತ ಬಳುಕುತ್ತದೆ. ಇಳಿಸಿದರೆ ನೆಟ್ಟಗಾಗುತ್ತದೆ. ಏರಿಸಿ ಇಳಿಸಿ, ಏರಿಸಿ ಇಳಿಸಿ. ತಲೆಯಿಂದ ಒಂದಂಗುಲ ದೂರದಲ್ಲಿ, ಅದೇ ಜಾಗದಲ್ಲಿ, ಸಾವಿರಾರು ಸಲ ಬಳುಕಿ ಬಳುಕಿ ಉಕ್ಕು ದಣಿಯುತ್ತದೆ. 1.2 ಮಿಲಿಮೀಟರ್ ದಪ್ಪದ ಕೇಬಲ್ಲಿನಲ್ಲಿ ಸಾಮಾನ್ಯವಾಗಿ 19 ಎಳೆಗಳು. ಹೂ ಕಟ್ಟುವಾಗ ಒಣಗಿದ ಬಾಳೆನಾರು ಒಂದೊಂದೇ ಎಳೆ ಬಿಟ್ಟುಕೊಳ್ಳುವ ಹಾಗೆ ಅವು ಒಂದೊಂದಾಗಿ ಬಿಡುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಮೇಲೆ ರಬ್ಬರಿನ ಹೊದಿಕೆ, ಅದರ ಮೇಲೆ ನಿಮ್ಮ ಅಂಗೈ.

ಕಾಣದಿದ್ದರೂ ಕೇಳುತ್ತದೆ ಎನ್ನುವುದು ರಾಯರ ವಾದ. 8 ಗೇರಿನ ಕ್ಯಾಸೆಟ್ಟಿನಲ್ಲಿ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಒಂದು ಚಕ್ರದಿಂದ ಇನ್ನೊಂದಕ್ಕೆ 4.8 ಮಿಲಿಮೀಟರ್ ಅಂತರವಿದ್ದರೆ 11 ಗೇರಿನದರಲ್ಲಿ ಸುಮಾರು 3.7. ಅಷ್ಟು ಇಕ್ಕಟ್ಟಿನಲ್ಲಿ ಕೇಬಲ್ಲು ಕೂದಲೆಳೆಯಷ್ಟು ಉದ್ದವಾದರೂ ಚೈನು ‘ಹೋಗಲೋ ಬೇಡವೋ’ ಎಂದು ಅನುಮಾನಿಸುತ್ತದೆ. ಚಿಕ್ಕ ಚಕ್ರದಿಂದ ದೊಡ್ಡದಕ್ಕೆ ಏರಲು ಒಂದು ಕ್ಲಿಕ್ ಸಾಲದೆ ಎರಡು ಕ್ಲಿಕ್ ಬೇಕಾಗುತ್ತದೆ. ಕೇಬಲ್ಲಿನ ಬಿಗಿ ಹೊಂದಿಸುವ ಬ್ಯಾರಲ್ ಅಡ್ಜಸ್ಟರನ್ನು ಈ ವಾರ ಅರ್ಧ ಸುತ್ತು ತಿರುಗಿಸಿದವನು ಮುಂದಿನ ವಾರ ಇನ್ನರ್ಧ ತಿರುಗಿಸಿ, ‘ಸರಿಹೋಯ್ತು’ ಅನ್ನುತ್ತಾನೆ. ಸರಿಹೋಗಿರುವುದಿಲ್ಲ. ಒಳಗೆ ಇನ್ನೆರಡು ಎಳೆ ಬಿಟ್ಟಿರುತ್ತದೆ. ರಾಯರು ಬೇರೆಯವರ ಹಿಂದೆ ಹೋಗುವಾಗ ಗಾಳಿ ತಪ್ಪಿಸಿಕೊಳ್ಳಲು ಹೋಗುವುದಿಲ್ಲ, ಸದ್ದು ಕೇಳಲು ಹೋಗುತ್ತಾರೆ. ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟ್ ಟ್ಯಾಕ್ಸಿಗಳೆಲ್ಲ ಹಾರ್ನ್ ಹೊಡೆಯುತ್ತಿದ್ದರೂ ಮುಂದಿನವನ ಚೈನು ಕಿರ್ರೆಂದದ್ದು ಅವರ ಕಿವಿಗೆ ಬಿದ್ದೇ ಬೀಳುತ್ತದೆ. “ನಿಮ್ಮ ಐದನೇ ಗೇರು ತೊದಲ್ತಾ ಇದೆ ಕಣ್ರೀ” ಎಂದು ಹಿಂದಿನಿಂದ ಕೂಗುತ್ತಾರೆ. ಅವನು ಕಿವಿಗೆ ಹಾಕಿಕೊಂಡ ಇಯರ್‌ಫೋನಿನಲ್ಲಿ ಹಾಡು ಕೇಳುತ್ತಿರುತ್ತಾನೆ.

ಕೇಬಲ್ಲಿನ ಹೊರಕವಚಕ್ಕೆ ಔಟರ್ ಎನ್ನುತ್ತಾರೆ. ಗೇರಿನ ಔಟರ್ ಬೇರೆ, ಬ್ರೇಕಿನ ಔಟರ್ ಬೇರೆ ಎಂಬುದು ರಾಯರ ಎರಡನೇ ಪಾಠ. ಬ್ರೇಕಿನದು 5 ಮಿಲಿಮೀಟರು, ಒಳಗೆ ತಂತಿ ಸುರುಳಿ ಸುತ್ತಿರುತ್ತದೆ. ಎಷ್ಟು ಬಿಗಿ ಹಿಡಿದರೂ ಒಡೆಯುವುದಿಲ್ಲ, ಆದರೆ ಎಳೆದಾಗ ತುಸು ಅದುಮಿಕೊಳ್ಳುತ್ತದೆ. ಗೇರಿನದು 4 ಮಿಲಿಮೀಟರು, ತಂತಿಗಳು ಉದ್ದಕ್ಕೆ ಜೋಡಿಸಿಕೊಂಡಿರುತ್ತವೆ. ಅದುಮಿಕೊಳ್ಳುವುದಿಲ್ಲ, ಅಳತೆ ತಪ್ಪುವುದಿಲ್ಲ. ಆದರೆ ಅದನ್ನು ಬ್ರೇಕಿಗೆ ಹಾಕಿದರೆ ಒಂದು ದಿನ ಜೋರಾಗಿ ಹಿಡಿದಾಗ ಸೀಳಿಕೊಂಡು ಹೋಗುತ್ತದೆ. ಇದನ್ನು ಹೇಳುವಾಗ ರಾಯರು ಎರಡೂ ಬಗೆಯ ತುಂಡುಗಳನ್ನು ಜೇಬಿನಿಂದ ತೆಗೆದು ತೋರಿಸುತ್ತಾರೆ. ಸೈಕಲ್ ಜೆರ್ಸಿಗೆ ಬೆನ್ನ ಹಿಂದೆ ಮೂರು ಜೇಬು. ಬೇರೆಯವರು ಬಾಳೆಹಣ್ಣು, ಚಿಕ್ಕಿ, ಮೊಬೈಲು ಇಟ್ಟುಕೊಳ್ಳುತ್ತಾರೆ.

ಅವರ ನೋಟ್‌ಬುಕ್ಕಿನಲ್ಲಿ ಪ್ರತಿ ಕೇಬಲ್ಲಿಗೂ ಒಂದು ಪುಟ. ಹಾಕಿದ ದಿನ, ಅಂದಿನ ಕಿಲೋಮೀಟರು, ಮಳೆಯಲ್ಲಿ ನೆನೆದ ದಿನಗಳು ಕೆಂಪು ಶಾಯಿಯಲ್ಲಿ. ಮಳೆಯಲ್ಲಿ ಹೋದರೆ ಹಿಂದಿನ ಚಕ್ರದ ಹತ್ತಿರ ಬಳುಕಿ ಇಳಿಯುವ ಕೊನೇ ತುಂಡು ಔಟರಿನಲ್ಲಿ ನೀರು, ಕೆಸರು ಸೇರಿಕೊಳ್ಳುತ್ತದೆ. ಹೆಸರಘಟ್ಟದ ಕೆರೆಯಂಗಳದ ಮಣ್ಣಿಗೆ ರಾಯರ ಪುಸ್ತಕದಲ್ಲಿ ವಿಶೇಷ ಅಂಕವಿದೆ. 3,500 ಕಿಲೋಮೀಟರು ಮುಟ್ಟಿತೋ, ಆ ಭಾನುವಾರ ಗುಂಪಿಗೆ ರಜ ಹೇಳಿ ಮನೆಯ ಬಾಲ್ಕನಿಯಲ್ಲಿ ಹಳೇ ‘ಪ್ರಜಾವಾಣಿ’ ಹಾಸಿ ಕೂತರೆಂದೇ ಅರ್ಥ.

ಆ ಕೆಲಸ ನೋಡುವಂಥದ್ದು. ಮೊದಲು ಪೆಡಲ್ಲನ್ನು ಕೈಯಲ್ಲಿ ತಿರುಗಿಸುತ್ತ ಚೈನನ್ನು ಅತಿ ಚಿಕ್ಕ ಚಕ್ರಕ್ಕೆ ಇಳಿಸುತ್ತಾರೆ. ಹಾಗೆ ಮಾಡಿದರೇ ಹಿಡಿಕೆಯೊಳಗಿನ ರಾಟೆ ತಿರುಗಿ ಕೇಬಲ್ಲಿನ ತಲೆ ರಂಧ್ರದ ನೇರಕ್ಕೆ ಬರುವುದು. ಇದು ಗೊತ್ತಿಲ್ಲದೆ ಅರ್ಧ ದಿನ ಕೇಬಲ್ಲನ್ನು ತಳ್ಳಿ ತಳ್ಳಿ ಬೆವರಿದವರು ನಮ್ಮ ಗುಂಪಿನಲ್ಲೇ ಇದ್ದಾರೆ. ಆಮೇಲೆ ಚೈನನ್ನು ಸರಿಸುವ ಹಿಂದಿನ ಡಿರೇಲರಿನ ಬೋಲ್ಟನ್ನು ಅಲೆನ್ ಕೀಯಿಂದ ಸಡಿಲಿಸಿ, ತುದಿಗೆ ಹಾಕಿದ ಅಲ್ಯುಮಿನಿಯಂ ಟೋಪಿಯನ್ನು ಕತ್ತರಿಸಿ, ಹಿಡಿಕೆಯ ರಬ್ಬರನ್ನು ಮಡಚಿ, ಕೇಬಲ್ಲನ್ನು ಮೆಲ್ಲನೆ ಹಿಂದಿನಿಂದ ತಳ್ಳುತ್ತಾರೆ. ತಲೆ ಇಷ್ಟೇ ಇಷ್ಟು ಇಣುಕುತ್ತದೆ. ಅದನ್ನು ಚಿಮಟದಲ್ಲಿ ಹಿಡಿದು ಎಳೆಯುವಾಗ ರಾಯರು ಉಸಿರು ಬಿಗಿಹಿಡಿಯುತ್ತಾರೆ. ಹೊರಗೆ ಬಂದ ಮೇಲೆ ಭೂತಕನ್ನಡಿ. ಔಟರ್ ಕತ್ತರಿಸಲು ಅದಕ್ಕೆಂದೇ ಮಾಡಿದ ಕಟರ್ ಇದೆ, ಕಟಿಂಗ್ ಪ್ಲೇಯರ್ ಮುಟ್ಟುವಂತಿಲ್ಲ. ಕತ್ತರಿಸಿದ ಮೇಲೆ ಒಳಗಿನ ಪ್ಲಾಸ್ಟಿಕ್ ನಾಳ ಅದುಮಿ ಮುಚ್ಚಿಕೊಂಡಿರುತ್ತದೆ, ಅದನ್ನು ದಬ್ಬಣದಿಂದ ಬಿಡಿಸುತ್ತಾರೆ. ತುದಿಯನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡುತ್ತಾರೆ. ಹೊಸ ಕೇಬಲ್ ತೂರಿಸಿ, ಬಿಗಿದು, ನಡುವೆ ಕೈ ಹಾಕಿ ನಾಲ್ಕು ಸಲ ಜಗ್ಗಿ, ಮತ್ತೆ ಬಿಗಿದು, ತುದಿಗೆ ಒಂದು ಹನಿ ಫೆವಿಕ್ವಿಕ್. ಎಳೆ ಬಿಚ್ಚಿಕೊಳ್ಳದಿರಲಿ ಎಂದು. ಅದರ ಮೇಲೆ ಟೋಪಿ. ಎರಡು ಸಲ ಕಾಫಿ ಬಂದು ಆರಿರುತ್ತದೆ.

ಇಷ್ಟೆಲ್ಲ ಆದ ಮೇಲೆ ಭೂತಕನ್ನಡಿಯಲ್ಲಿ ಕಂಡದ್ದೇನು? ಏನೂ ಇಲ್ಲ. 19 ಎಳೆಗಳೂ ಸರಿಯಾಗಿರುತ್ತವೆ. ಇಷ್ಟು ವರ್ಷದಲ್ಲಿ ರಾಯರು ಬಿಚ್ಚಿದ ಯಾವ ಕೇಬಲ್ಲಿನಲ್ಲೂ ಒಂದೇ ಒಂದು ಎಳೆ ಹರಿದದ್ದಿಲ್ಲ.

“ಹಾಗಾದ್ರೆ ಸುಮ್ಮನೆ ಬದಲಾಯಿಸಿದ ಹಾಗಾಯ್ತಲ್ಲ ಅಂಕಲ್?” ಎಂದು ಯಾರಾದರೂ ಕೇಳಿದರೆ ರಾಯರ ಮುಖ ಅರಳುತ್ತದೆ. “ಹರಿದಿಲ್ಲ ತಾನೆ? ಅದೇ ಸಾಕ್ಷಿ! ಹರಿಯೋಕೆ ಮುಂಚೆ ಬದಲಾಯಿಸಿದ್ದಕ್ಕೇ ಹರಿದಿಲ್ಲ!”

ಈ ವಾದಕ್ಕೆ ಎದುರು ಮಾತಿಲ್ಲ. ಪಾಪ, ರಾಯರ ಸಂಕಟ ಇರುವುದೂ ಇಲ್ಲಿಯೇ. ಹರಿದ ಮೇಲೆ ಕೂತು ರಿಪೇರಿ ಮಾಡಿದವನಿಗೆ ನಾಲ್ಕು ಜನ ಭೇಷ್ ಅನ್ನುತ್ತಾರೆ. ಹರಿಯುವುದಕ್ಕೆ ಮುಂಚೆ ಬದಲಾಯಿಸಿದವನ ಬಳಿ ತೋರಿಸಲು ಏನೂ ಇರುವುದಿಲ್ಲ. ಆಗದೇ ಹೋದ ಅನಾಹುತವನ್ನು ಯಾವ ಮ್ಯೂಸಿಯಮ್ಮಿನಲ್ಲಿಡಲು ಬರುತ್ತದೆ? ಆದ್ದರಿಂದ ರಾಯರಂಥವರಿಗೆ ಒಂದು ಕೆಟ್ಟ ಆಸೆ ಗುಟ್ಟಾಗಿ ಬೆಳೆಯುತ್ತದೆ. ಬಾಯಲ್ಲಿ ‘ಎಲ್ಲರೂ ಸುಖವಾಗಿರಲಿ’, ಮನಸ್ಸಿನಲ್ಲಿ ‘ಯಾರದಾದರೂ ಒಂದು ಹರಿಯಬಾರದೆ’.

ಬಿಚ್ಚಿದ ಕೇಬಲ್ಲುಗಳನ್ನು ಸುರುಳಿ ಸುತ್ತಿ, ದಿನಾಂಕದ ಚೀಟಿ ಕಟ್ಟಿ ಬಿಸ್ಕತ್ತಿನ ಡಬ್ಬಿಯಲ್ಲಿಡುವುದು ರಾಯರ ಕ್ರಮ. ಅದನ್ನು ಖಾಲಿ ಮಾಡುವುದು ಅವರ ಹೆಂಡತಿಯ ಕ್ರಮ. ಆ ಮನೆಯಲ್ಲಿ ಹಾಗಲಬಳ್ಳಿ ಹಬ್ಬಿರುವುದು ಗೇರ್ ಕೇಬಲ್ಲಿನ ಮೇಲೆ. ದೇವರಮನೆಯ ಪರದೆ ಜೋತಿರುವುದು, ಟೆರೇಸಿನ ಮಲ್ಲಿಗೆ ಚಪ್ಪರ ನಿಂತಿರುವುದು, ಗ್ಯಾಸ್ ಸಿಲಿಂಡರಿನ ಕಪಾಟಿನ ಬಾಗಿಲು ಮುಚ್ಚಿಕೊಂಡಿರುವುದು, ಸಿಂಕಿನಲ್ಲಿ ಕಟ್ಟಿಕೊಂಡ ಅನ್ನದಗುಳು ಬಿಡಿಸುವುದು, ಎಲ್ಲವೂ ಕೇಬಲ್ಲಿನಿಂದಲೇ. ಪಕ್ಕದ ಮನೆಯವರು ನೇರ ಬಂದು “ಈ ತಿಂಗಳು ಬಿಚ್ತಾರಾ?” ಎಂದು ಕೇಳುವಷ್ಟು ಸಲಿಗೆ ಬೆಳೆದಿದೆ.

“ಅಲ್ಲಾ ರೀ,” ಎಂದು ಆಕೆ ಒಮ್ಮೆ ನಮ್ಮೆಲ್ಲರ ಮುಂದೆಯೇ ಕೇಳಿದರು, “ಅಪಾಯ ಅಂತ ನೀವು ಬಿಚ್ಚಿ ಬಿಸಾಕಿದ ತಂತಿ ಎರಡು ವರ್ಷದಿಂದ ಟೆರೇಸಲ್ಲಿ ಒದ್ದೆ ಬೆಡ್‌ಶೀಟು ಹೊತ್ಕೊಂಡು ನಿಂತಿದೆ. ಅದ್ಯಾಕೆ ಹರಿಯಲ್ಲ?”

ರಾಯರು ಕನ್ನಡಕ ಸರಿಮಾಡಿಕೊಂಡರು. “ನೋಡು, ಎಳೆತಕ್ಕೆ ಹರಿಯಲ್ಲ ಅದು. ಬಳುಕಿಗೆ ಹರಿಯೋದು. ಬಟ್ಟೆ ತಂತಿಗೆ ಭಾರ ಇದೆ, ಬಳುಕಿಲ್ಲ.”

ವಿಜ್ಞಾನದ ಮಟ್ಟಿಗೆ ಈ ಮಾತು ನೂರಕ್ಕೆ ನೂರು ಸರಿ. ಸಂಸಾರದ ಮಟ್ಟಿಗೆ ಅದಕ್ಕೆ ಸಿಕ್ಕ ಬೆಲೆ ಒಂದು ‘ಹ್ಞೂಂ’.

ಆಕೆಯ ತಾಳ್ಮೆಗೂ ಕಾರಣವಿದೆ. ವಿಮಾನದ ಪದ್ಧತಿ ಸೈಕಲ್ಲಿಗೆ ಬರುವ ಮೊದಲೇ ಅಡಿಗೆಮನೆಗೆ ಬಂದಿತ್ತು. ಕುಕ್ಕರಿನ ಗ್ಯಾಸ್ಕೆಟ್ಟು ಸೀಟಿಯ ಲೆಕ್ಕದಲ್ಲಿ ಬದಲಾಗುತ್ತದೆ. ಮಿಕ್ಸಿ ಜಾರಿನ ಕಪ್ಲರು ದೀಪಾವಳಿಗೊಂದು. ಟಾರ್ಚಿನ ಸೆಲ್ಲು ಮುಗಿಯುವ ಮುಂಚೆಯೇ ಕೆಲಸದವಳ ಮಗನ ಆಟದ ಕಾರಿಗೆ ಹೋಗುತ್ತದೆ. “ಮದುವೆಯಾಗಿ ಮೂವತ್ತೆಂಟು ವರ್ಷ ಆಯ್ತು. ನನ್ನ ಪುಟ ಮಾತ್ರ ಆ ಪುಸ್ತಕದಲ್ಲಿ ಇನ್ನೂ ತೆರೆದಿಲ್ಲ,” ಎನ್ನುತ್ತಾರೆ ಆಕೆ, ನಮಗೆ ಕಾಫಿ ಕೊಡುತ್ತ. ರಾಯರು ಆಗ ಬ್ಯಾರಲ್ ಅಡ್ಜಸ್ಟರ್ ನೋಡುತ್ತಿರುತ್ತಾರೆ.

ರಾಯರ ನಿಜವಾದ ವಿರೋಧಿ ಗವಿಪುರದ ಹತ್ತಿರದ ಒಂದು ಹಳೇ ಸೈಕಲ್ ಶಾಪಿನವನು. ಅವನು ಸೈಕಲ್ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಯಲ್ಲಿ ಹುಟ್ಟಿ ಬೆಳೆದವನು. ಸರಳಿನ ಬ್ರೇಕಿನ ಕರಿ ಸೈಕಲ್ಲುಗಳ ಕಾಲದವನು. ಆ ಸೈಕಲ್ಲಿಗೆ ಗೇರೂ ಇಲ್ಲ, ಕೇಬಲ್ಲೂ ಇಲ್ಲ, ಹಾಲಿನವರೂ ಅಂಚೆಯವರೂ ಅದನ್ನೇ ತುಳಿದು ಮಕ್ಕಳನ್ನು ಓದಿಸಿದರು. ಈಗ ಅವನ ಅಂಗಡಿಗೆ ಗೇರ್ ಸೈಕಲ್ಲುಗಳೇ ಬರುವುದು. ಅವನ ಸಿದ್ಧಾಂತ ನಾಲ್ಕೇ ಮಾತಿನದು.

“ಓಡ್ತಾ ಇದೆಯಲ್ಲ ಸಾರ್. ಹರಿದ್ಮೇಲೆ ಬನ್ನಿ.”

“ಹರಿದ ಮೇಲೆ ಬಂದ್ರೆ ತಲೆ ಒಳಗೇ ಸಿಕ್ಕಿಕೊಳ್ಳತ್ತೆ ಕಣಯ್ಯ. ನೂರಿನ್ನೂರು ರೂಪಾಯಿ ವೈರಿಗೆ ಸಾವಿರಾರು ರೂಪಾಯಿ ಶಿಫ್ಟರ್ ಹೋಗತ್ತೆ.”

“ಹೋದಾಗ ನೋಡ್ಕೊಳ್ಳೋಣ ಸಾರ್. ಇರೋದನ್ನ ಯಾಕ್ ಬಿಚ್ತೀರಾ? ಬಿಚ್ಚಿದ್ರೆ ಇನ್ನೊಂದು ಕೆಡತ್ತೆ.”

ತನ್ನ ವ್ಯಾಪಾರವನ್ನೇ ತಾನು ಬೇಡ ಎನ್ನುವ ಪ್ರಾಮಾಣಿಕ, ತನ್ನ ದುಡ್ಡನ್ನೇ ಬಲವಂತವಾಗಿ ಕೊಡಲು ಬಂದ ಗಿರಾಕಿ. ಇಬ್ಬರೂ ಅರ್ಧ ಗಂಟೆ ಹೀಗೆ ಜಗಳವಾಡಿ, ಒಂದೇ ಟೀಯನ್ನು ಎರಡು ಲೋಟದಲ್ಲಿ ಹಂಚಿ ಕುಡಿಯುವುದನ್ನು ನೋಡಿದ್ದೇನೆ. ಒಮ್ಮೆ ಮಾತ್ರ ರಾಯರು ಟೀ ಮುಟ್ಟದೆ ಎದ್ದು ಬಂದರು. ಗೇರಿನ ಔಟರ್ ಸ್ಟಾಕ್ ಇಲ್ಲವೆಂದು ಯಾರದೋ ಸೈಕಲ್ಲಿಗೆ ಅವನು ಬ್ರೇಕಿನ ಔಟರ್ ಹಾಕಿ ಕೊಟ್ಟದ್ದನ್ನು ಕಣ್ಣಾರೆ ಕಂಡಿದ್ದರು. ಗೇರು ಸರಿಯಾಗಿ ಬೀಳುತ್ತಿರಲಿಲ್ಲ, ಗಿರಾಕಿಗೆ ಅದು ಗೊತ್ತಾಗಲೂ ಇಲ್ಲ. ರಾಯರಿಗೆ ಎರಡು ದಿನ ಊಟ ಸೇರಲಿಲ್ಲ.

ಬ್ಯಾಟರಿ ಗೇರಿನ ಹುಡುಗರು ಬಂದಾಗ ನಾವು ರಾಯರ ಕಾಲ ಮುಗಿಯಿತು ಅಂದುಕೊಂಡಿದ್ದೆವು. ಶಿಮಾನೊದವರ ಡಿಐ2 ಬಂದದ್ದು 2009ರಲ್ಲಿ. ಗುಂಡಿ ಒತ್ತಿದರೆ ಸಣ್ಣ ಮೋಟರು ಗುಂಯ್ ಎಂದು ಗೇರು ಬದಲಾಯಿಸುತ್ತದೆ. ಎಳೆಯಲು ಕೇಬಲ್ಲೇ ಇಲ್ಲ! ಗುಂಪಿಗೆ ಅಂಥ ಮೊದಲ ಸೈಕಲ್ ತಂದ ಸಾಫ್ಟ್‌ವೇರ್ ಹುಡುಗನ ಹ್ಯಾಂಡಲ್ಲಿನ ಮೇಲೆ ರಾಯರ ಕಣ್ಣು ಇತ್ತಿಂದತ್ತ ಅಲೆದು ಅಲೆದು ನಿಲ್ಲಲು ಜಾಗವಿಲ್ಲದೆ ವಾಪಸು ಬಂದವು. ಒಂದು ಗಳಿಗೆ ಅವರನ್ನು ನೋಡಿ ಅಯ್ಯೋ ಅನ್ನಿಸಿತು. ಒಂದೇ ಗಳಿಗೆ.

“ಚಾರ್ಜ್ ಮಾಡಿ ಎಷ್ಟಾಯ್ತು?” ಅಂದರು ರಾಯರು.

ಇನ್ನು ಬ್ರೆವೆಯ ಕಥೆ. ಬ್ರೆವೆ ಎಂದರೆ ರೇಸಲ್ಲ. ಫ್ರಾನ್ಸಿನಿಂದ ಬಂದ ಒಂದು ಬಗೆಯ ದೂರದ ಸವಾರಿ. 200 ಕಿಲೋಮೀಟರನ್ನು 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕು. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಮರ್ಯಾದೆ. ದಾರಿಯಲ್ಲಿ ಕಾರು ಹಿಂದೆ ಬಂದು ಸಹಾಯ ಮಾಡುವಂತಿಲ್ಲ, ಏನು ಕೆಟ್ಟರೂ ನಿನ್ನ ಚೀಲ, ನಿನ್ನ ಕೈ. ರಾಯರಿಗೆಂದೇ ಯಾರೋ ಬರೆದ ನಿಯಮ. ಅವರ ಚೀಲದಲ್ಲಿ ಎರಡು ಹೊಸ ಕೇಬಲ್ಲು, ಕಟರು, ಚಿಮಟ, ಹಲ್ಲಿನ ಡಾಕ್ಟರರು ಬಿಸಾಕಿದ ಒಂದು ಕೊಕ್ಕೆ, ಹಳೇ ಪಂಚೆ ತುಂಡು. ತಿನ್ನಲು ಏನೂ ಇಲ್ಲ.

ಅಂಥ ಒಂದು ಬ್ರೆವೆಯಲ್ಲಿ ತುಮಕೂರು ದಾಟಿ ವಾಪಸು ಬರುವಾಗ ಕ್ಯಾತ್ಸಂದ್ರದಲ್ಲಿ, ಸರಿಯಾಗಿ ತಟ್ಟೆ ಇಡ್ಲಿ ಹೋಟೆಲಿನ ಎದುರಿಗೆ, ಗುಂಪಿನ ಒಬ್ಬ ಹುಡುಗನ ಹಿಡಿಕೆಯಲ್ಲಿ ಟಕ್ ಎಂದಿತು. ಹಿಂದಿನ ಗೇರಿನ ಕೇಬಲ್ಲು ತುಂಡಾದರೆ ಚೈನು ತಾನಾಗಿ ಅತಿ ಚಿಕ್ಕ ಚಕ್ರಕ್ಕೆ, ಅಂದರೆ ಅತಿ ಭಾರದ ಗೇರಿಗೆ ಬಂದು ಕೂರುತ್ತದೆ. ಹುಡುಗ ಎರಡು ಸಲ ತುಳಿದು ನೋಡಿ ಇಳಿದ. ಕೇಬಲ್ಲಿಗೆ 6,000 ಕಿಲೋಮೀಟರು ದಾಟಿತ್ತು. ರಾಯರು ಅವನಿಗೆ ನಾಲ್ಕು ತಿಂಗಳಿಂದ ಹೇಳುತ್ತಲೇ ಬಂದಿದ್ದರು. ಹಿಂದಿನಿಂದ ಬಂದು ಸೈಕಲ್ ನಿಲ್ಲಿಸಿದ ರಾಯರ ತುಟಿಯಲ್ಲಿ ‘ಅಯ್ಯಯ್ಯೋ’, ಕಣ್ಣಿನಲ್ಲಿ ದೀಪಾವಳಿ.

“ನೀನು ಹೋಗಿ ಇಡ್ಲಿ ತಿನ್ನು. ನಾನಿದ್ದೀನಿ.”

ರಸ್ತೆ ಬದಿಯಲ್ಲಿ ಚೀಲ ಬಿಚ್ಚಿದರು. ರಬ್ಬರ್ ಮಡಚಿದರು. ಹರಿದ ಎಳೆಗಳು ರಾಟೆಯ ಹಲ್ಲಿನೊಳಗೆ ಹೊಕ್ಕು ಕೂತಿದ್ದವು, ತಲೆ ಎಳೆದಷ್ಟೂ ಒಳಗೆ ಸರಿಯಿತು. ಮೊಬೈಲಿನ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಒಂದು ಎಳೆ ಕಿತ್ತರು, ಇನ್ನೊಂದು ಕಿತ್ತರು. ಹುಡುಗ ಒಂದು ಇಡ್ಲಿ ತಿಂದ, ಇನ್ನೊಂದು ತಿಂದ, ಕೈ ತೊಳೆದು ಬಂದ. ಸುತ್ತ ಏಳೆಂಟು ಜನ ಸೇರಿದ್ದರು. “ಏನ್ ಸಾರ್, ಏನ್ ಬಿತ್ತು ಒಳಗೆ?” ಎಂದು ಲಾರಿ ಡ್ರೈವರೊಬ್ಬ ಕೇಳಿದ. ರಾಯರು ಅವನಿಗೂ ಬಳುಕಿನ ವಿಷಯ ವಿವರಿಸತೊಡಗಿದರು.

“ಅಂಕಲ್, ಟೈಮ್ ಆಗೋಗತ್ತೆ” ಅಂದ ಹುಡುಗ. ಸೈಕಲ್ಲನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಕೆಳಗಿನ ಕೊಳವೆಯ ಉದ್ದಕ್ಕೆ ಜೋತಾಡುತ್ತಿದ್ದ ಉಳಿದ ಕೇಬಲ್ಲನ್ನು ಕೈಯಲ್ಲೇ ಹಿಡಿದು ಜಗ್ಗಿದ. ಒಂದು ಕೈಯಲ್ಲಿ ಪೆಡಲ್ ತಿರುಗಿಸಿದ. ಚೈನು ಟಕ ಟಕ ಹತ್ತಿ ನಡುವಿನ ಚಕ್ರಕ್ಕೆ ಬಂತು. ಅಲ್ಲಿಯೇ ಹಿಡಿದು, ಕೇಬಲ್ಲನ್ನು ನೀರಿನ ಬಾಟಲಿ ಗೂಡಿನ ಬೋಲ್ಟಿಗೆ ಎರಡು ಸುತ್ತು ಸುತ್ತಿ, ರಾಯರ ಅಲೆನ್ ಕೀಯಿಂದಲೇ ಬಿಗಿದ. ಹಿಂದೆ ಒಂದೇ ಗೇರು, ಮುಂದೆ ಎರಡು ಚಕ್ರ. “ಥ್ಯಾಂಕ್ಸ್ ಅಂಕಲ್!” ಎಂದು ಹೊರಟೇ ಹೋದ.

ರಾಯರು ಚಿಮಟ, ಕೊಕ್ಕೆ, ಕಟರುಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿಕೊಂಡು ಕಾರ್ಡಿಗೆ ಸಹಿ ಹಾಕುವ ಕೊನೆಯ ಕಂಟ್ರೋಲಿಗೆ ಬಂದಾಗ ಸಮಯ ಮುಗಿಯಲು ಹತ್ತೇ ನಿಮಿಷವಿತ್ತು. ಹುಡುಗ ಆಗಲೇ ಕಾರ್ಡಿಗೆ ಸಹಿ ಹಾಕಿಸಿಕೊಂಡು, ಮೊಸರನ್ನ ಮುಗಿಸಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿದ್ದ. “ಅಲ್ಲಿಗೆ ಕೇಬಲ್ ಇಲ್ಲದೇನೂ ಓಡತ್ತೆ ಅಂತಾಯ್ತು ಬಿಡಿ ಸಾರ್” ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ವರ್ಷಗಟ್ಟಲೆ ಕಾದು ಕೊನೆಗೂ ವಿಚಾರಣೆಗೆ ಬಂದ ಕೇಸು ಹೀಗೆ ಹದಿನೈದು ನಿಮಿಷದಲ್ಲಿ ವಜಾ ಆಯಿತು. ರಾಯರು ಆ ಭಾನುವಾರ ಇಡ್ಲಿ-ವಡೆಗೂ ಬರಲಿಲ್ಲ, ಮುಂದಿನ ಭಾನುವಾರವೂ ಬರಲಿಲ್ಲ. ನಮಗೇ ಬೇಜಾರಾಯಿತು. ಹಿಂದಿನಿಂದ ಯಾರೂ ಕೂಗದೆ ಬಳ್ಳಾರಿ ರಸ್ತೆ ಭಣಭಣ.

ಆ ವಾರವೇ ಹುಡುಗ ಫೋನ್ ಮಾಡಿದ. ರಾತ್ರಿ ಒಂಬತ್ತು ಗಂಟೆ, ರಾಯರು ಸಾರನ್ನಕ್ಕೆ ಕೂತಿದ್ದರು. ಸರ್ವೀಸ್ ಸೆಂಟರಿನವರು ತಲೆ ಒಳಗೇ ಇದೆ, ಬರುವುದಿಲ್ಲ, ಶಿಫ್ಟರೇ ಬದಲಾಯಿಸಬೇಕು ಅಂದಿದ್ದರಂತೆ. ಬೆಲೆ ಕೇಳಿ ಹುಡುಗನ ದನಿ ಇಳಿದುಹೋಗಿತ್ತು. “ಮುಟ್ಟಬೇಡ, ಏನೂ ಮುಟ್ಟಬೇಡ, ಬಂದೆ” ಎಂದರು ರಾಯರು. ಮಜ್ಜಿಗೆ ಅನ್ನ ಹಾಗೇ ಉಳಿಯಿತು.

ನಡುರಾತ್ರಿ ವಾಪಸು ಬಂದರು. ಶಿಫ್ಟರು ಉಳಿದಿತ್ತು. ಹುಡುಗ ದುಡ್ಡು ಕೊಡಲು ಬಂದಾಗ ಬೇಡ ಎಂದು, ಒಳಗಿನಿಂದ ಕಿತ್ತ ಒಂದಂಗುಲದ ತುಂಡನ್ನು ಮಾತ್ರ ಕೇಳಿ ಪಡೆದಿದ್ದರು. ಸೀಸದ ಬಣ್ಣದ ಪುಟ್ಟ ತಲೆ, ಅದರ ಕೆಳಗೆ ಕೆದರಿ ನಿಂತ ಎಳೆಗಳು. ಅವರ ಸಂಗ್ರಹದಲ್ಲಿ ಹರಿದ ಮೊದಲನೇ ಕೇಬಲ್ಲು. ಅದನ್ನು ಅಂಗೈ ಮೇಲಿಟ್ಟುಕೊಂಡು, ಮಲಗಿದ್ದ ಹೆಂಡತಿಯನ್ನು ಎಬ್ಬಿಸಿ, ಲೈಟು ಹಾಕಿ ತೋರಿಸಿದರು.

ಆಕೆ ನಿದ್ದೆಗಣ್ಣಲ್ಲೇ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಇಷ್ಟು ಚೂರು ಏನಕ್ಕೆ ಸಾಕು ರೀ? ಅದೂ ಹರಿದಿರೋದು. ಅರ್ಧರಾತ್ರಿ ತನಕ ಹೋದೋರು, ಒಂದು ಒಳ್ಳೇದನ್ನಾದ್ರೂ ತರಬಾರದಿತ್ತೇ? ಹೀರೇಬಳ್ಳಿಗೆ ಕಟ್ಟೋಕೆ ಒಂದು ಬೇಕಿತ್ತು.”